ಅತ್ತೆ ಹತ್ತಿದ ಹಾಯಿದೋಣಿ

ಮಾವನಿಗೆ ಹೊಳೆಯಲ್ಲಿ ತಿರುಗಾಡಲು ಹಾಯಿದೋಣಿ ಬೇಕಿತ್ತು, ಜೊತೆಗೆ ಅತ್ತೆಯೂ ಬರಬೇಕಿತ್ತು. "ಮಲಗಾಕ ಜಾಗ ಇದ್ರ ಬರ್ತೀನಿ," ಎಂದಿದ್ದರು ಅತ್ತೆ. ಕೊಳ್ಳುವ ಮೊದಲು ನೋಡೋಣವೆಂದು ಎರಡು ದೋಣಿಗಳನ್ನು ಟ್ರ್ಯಾಕ್ಟರ್ ಟ್ರೇಲರ್ ಮೇಲೆ ಸಿರುಗುಪ್ಪದ ಹೊಳೆದಂಡೆಗೆ ತಂದೆವು.

ಮಲಗುವ ಕೋಣೆಯಿದ್ದ, ಆಳ ತಳದ ದೊಡ್ಡದನ್ನು ಮೊದಲು ನೀರಿಗಿಳಿಸಹೊರಟೆವು. ನಾನು ಮಾವನನ್ನು ಅಣಕಿಸುತ್ತ, ಥೇಟ್ ಅವರ ದನಿಯಲ್ಲೇ ಡ್ರೈವರಿಗೆ, "ಹಿಂದಕ ಬರ್ರಿ, ಇನ್ನಾ ಬರ್ರಿ!" ಎಂದು ಕೂಗಿದೆ. ಟ್ರ್ಯಾಕ್ಟರ್ ಅರ್ಧ ಮುಳುಗಿದರೂ ದೋಣಿ ತೇಲಲಿಲ್ಲ. "ಇನ್ನ ಹೋದ್ರ ಟ್ರ್ಯಾಕ್ಟರೇ ತೇಲತೈತ್ರಿ," ಎಂದ ಡ್ರೈವರ್.

ಚಪ್ಪಟೆ ತಳದ ಚಿಕ್ಕದು ಮೊಣಕಾಲುದ್ದ ನೀರಿನಲ್ಲೇ ತೇಲಿತು. ನನ್ನಂಥ ಕಡ್ಡಿ ಪೈಲ್ವಾನ ನೂಕಿದ್ದೇ ಸಾಕಾಯಿತು. ಆದರೆ ಅದರಲ್ಲಿ ಕಾಲು ಚಾಚಲೂ ಜಾಗವಿರಲಿಲ್ಲ. ಮಾವ ಅಳುಕುತ್ತ ಅತ್ತೆಯ ಮುಖ ನೋಡಿದರು.

ಅತ್ತೆ ಸೆರಗು ಸಿಕ್ಕಿಸಿ ಹತ್ತಿಯೇ ಬಿಟ್ಟರು. "ಮಲಗಾಕ ಮನಿ ಐತಿ," ಎಂದು ನನ್ನತ್ತ ತಿರುಗಿದರು. "ನೂಕಲೇ, ಮಂಗ್ಯಾ!"