ಮರಳ ಮೇಲೆ ಕೂತ ಹಡಗು

ನಾನು ಚಿಕ್ಕವನಿದ್ದಾಗ, ಅಂದರೆ ಮುಂದಿನ ಎರಡು ಹಲ್ಲು ಬಿದ್ದು ಹೊಸವು ಇನ್ನೂ ಹುಟ್ಟದಿದ್ದ ಕಾಲದಲ್ಲಿ, ನಮ್ಮೂರಿನವರೆಲ್ಲ ಹಡಗಿನ ಮುಂದೆ ನಿಂತೇ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಮಾಗಡಿ ರಸ್ತೆಯಲ್ಲಿ ಬಹಳ ದೂರ ಹೋದರೆ ಸಿಗುವ ಸಣ್ಣ ಊರು ನಮ್ಮದು. ಅಲ್ಲಿಗೂ ಸಮುದ್ರಕ್ಕೂ ಯಾವ ಸಂಬಂಧವೂ ಇರಲಿಲ್ಲ. ಆದರೆ ಅಪ್ಪನ ಸ್ಟುಡಿಯೊದಲ್ಲಿ ಒಂದು ಬಟ್ಟೆಯ ಪರದೆ ಇತ್ತು. ಅಂಗಡಿ ಬೋರ್ಡು ಬರೆಯುವವನೊಬ್ಬ ಅದರ ಮೇಲೆ ಸಮುದ್ರ ಬರೆದಿದ್ದ. ಅಲೆಗಳು ಉತ್ತ ಹೊಲದ ಸಾಲಿನ ಹಾಗಿದ್ದವು. ಹಡಗು ನಮ್ಮ ಕೆರೆಯ ಹರಿಗೋಲಿಗೆ ಹೊಗೆ ಕೊಳವೆ ಸಿಕ್ಕಿಸಿದ ಹಾಗಿತ್ತು. ಮದುವೆಯಾದ ಹೊಸ ಜೋಡಿ, ಮೀಸೆ ತಿರುವಿದ ಗೌಡರು, ಕೈಗೂಸು ಎತ್ತಿಕೊಂಡ ತಾಯಂದಿರು ಎಲ್ಲರೂ ಅದರ ಮುಂದೆಯೇ ನಿಲ್ಲುತ್ತಿದ್ದರು.

ಮಂಗಳೂರಿನಿಂದ ಹೆಂಚು ತರುತ್ತಿದ್ದ ಲಾರಿ ಡ್ರೈವರೊಬ್ಬ ಒಂದು ದಿನ ಫೋಟೊ ತೆಗೆಸಲು ಬಂದ. ಪರದೆ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ಏನಣ್ಣೋ ಇದು, ಹಡಗೋ ಬೋಂಡ ಕರಿಯೋ ಬಾಣ್ಲೀನೋ? ಮೊನ್ನೆ ಬಿರುಗಾಳಿಗೆ ಸಿಕ್ಕಿ ನಿಜವಾದ್ದೊಂದು ದಡಕ್ಕೆ ಬಂದು ಕೂತ್ಕಂಡೈತೆ. ನೋಡಿದ್ರೆ ಎದೆ ಝಲ್ ಅಂತದೆ. ಇಷ್ಟರಲ್ಲೇ ಎಳ್ಕೊಂಡ್ ಹೋಗ್ತಾರಂತೆ."

ಅಪ್ಪ ನಗಲಿಲ್ಲ. ಡ್ರೈವರು ಹೋದ ಮೇಲೆ ಪರದೆಯ ಹಡಗಿನ ಮೇಲೆ ಬೆರಳಾಡಿಸಿದ. ಆಮೇಲೆ ಅಕ್ಕನ ಕಡೆ ತಿರುಗಿ, "ಇಷ್ಟು ವರ್ಷ ಊರಿಗೆಲ್ಲ ಹಡಗು ತೋರಿಸ್ದೆ, ನಾನೇ ಒಂದೂ ನೋಡಿಲ್ಲ. ಅದು ಹೋಗೋದ್ರೊಳಗೆ ಒಂದು ಫೋಟೊ ತೆಗೀಬೇಕು. ಒಂದೇ ಒಂದು, ನಿಜವಾದ್ದು" ಅಂದ.

ಅಕ್ಕ ಆಗ ಲಂಗ ದಾವಣಿ ಹಾಕುವಷ್ಟು ದೊಡ್ಡವಳು. ಫೋಟೊ ಮೂಡುವ ಗಾಜಿನ ಪ್ಲೇಟು ತೊಳೆಯುವುದು, ಫೋಟೊ ಒಣಗಿಸುವುದು, ಅಂಚು ಕತ್ತರಿಸುವುದು ಎಲ್ಲ ಅವಳದೇ ಕೆಲಸ. ಒಂದಕ್ಕೆ ಮಾತ್ರ ಅವಳು ಕೈ ಹಾಕುವಂತಿರಲಿಲ್ಲ. ಅದು ಕ್ಯಾಮರಾದ ಕಣ್ಣಿನ ಮುಚ್ಚಳ. ಆ ಮುಚ್ಚಳ ತೆಗೆದು, ಎಣಿಸಿ, ಮತ್ತೆ ಮುಚ್ಚಿದರೆ ಫೋಟೊ ಆಯಿತು. "ಮುಚ್ಚಳ ತೆಗಿಯೋನೇ ಫೋಟೊಗ್ರಾಫರ್ರು, ಮಿಕ್ಕಿದ್ದೆಲ್ಲ ಪಾತ್ರೆ ತೊಳ್ದಂಗೆ" ಎಂದು ಅಪ್ಪ ಹೇಳುತ್ತಿದ್ದ. ಅಕ್ಕ ಮುಚ್ಚಳವನ್ನೇ ನೋಡುತ್ತಿದ್ದಳು.

ಆ ಡ್ರೈವರನ ಖಾಲಿ ಲಾರಿ ಮಂಗಳೂರಿಗೆ ಹಿಂತಿರುಗುವಾಗ ಅದರಲ್ಲೇ ಹೊರಟೆವು. ಮರದ ದೊಡ್ಡ ಕ್ಯಾಮರಾ, ಅದರ ಮೂರು ಕಾಲು, ಕಪ್ಪು ಬಟ್ಟೆ, ಗಾಜಿನ ಪ್ಲೇಟುಗಳ ಪೆಟ್ಟಿಗೆ, ಒಂದು ಗಂಟು ರಾಗಿ ರೊಟ್ಟಿ. ಘಟ್ಟ ಇಳಿಯುವಾಗ ಅಕ್ಕ ಪೆಟ್ಟಿಗೆಯನ್ನು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಿದ್ದಳು.

ಸಮುದ್ರ ನನಗೆ ಮೊದಲು ಕಾಣಲಿಲ್ಲ, ಕೇಳಿಸಿತು. ಸಾಲಾಗಿ ಬೆಳೆದ ಗಾಳಿಮರಗಳ ಆಚೆ ಏನೋ ಉಸಿರೆಳೆದು ಬಿಡುತ್ತಿತ್ತು. ಉಪ್ಪು ಮೀನಿನ ವಾಸನೆಯ ಜತೆ ಎಣ್ಣೆಯ ವಾಸನೆ. ಬಿರುಗಾಳಿ ಕಿತ್ತು ಹಾಕಿದ ತೆಂಗಿನ ಗರಿಗಳನ್ನು ದಾಟಿ ಮರಳ ದಿಬ್ಬ ಹತ್ತಿದೆವು. ಅಲ್ಲಿ ನಿಂತುಬಿಟ್ಟೆವು.

ಹಡಗು ಮರಳ ಮೇಲೆ ಒಂದು ಕಡೆಗೆ ವಾಲಿ ಕೂತಿತ್ತು. ನಾನು ಅಷ್ಟು ದೊಡ್ಡದು ಅಂತ ನೋಡಿದ್ದು ಸಾವನದುರ್ಗದ ಬಂಡೆ ಒಂದನ್ನೇ. ಆದರೆ ಬಂಡೆ ಹುಟ್ಟಿದ ಜಾಗದಲ್ಲೇ ಇರುತ್ತದೆ. ಇದು ಎಲ್ಲಿಂದಲೋ ಬಂದಿತ್ತು. ನೀರಿನೊಳಗೆ ಇರಬೇಕಾಗಿದ್ದ ಕೆಂಪು ಹೊಟ್ಟೆ ಆಚೆ ಕಾಣುತ್ತಿತ್ತು, ಅದರ ತುಂಬ ಚಿಪ್ಪು ಅಂಟಿತ್ತು. ನೋಡಬಾರದ್ದನ್ನು ನೋಡಿದ ಹಾಗೆ ನನಗೆ ನಾಚಿಕೆಯಾಯಿತು. ಹಡಗಿನ ನೆರಳು ನಾವು ನಿಂತ ಕಡೆವರೆಗೂ ಬಿದ್ದಿತ್ತು. ಆ ನೆರಳಲ್ಲಿ ಮರಳು ತಣ್ಣಗಿತ್ತು.

ಅಪ್ಪ ಕ್ಯಾಮರಾ ನಿಲ್ಲಿಸಲು ಜಾಗ ಹುಡುಕಿದ. ದಿಬ್ಬದ ಒಣ ಮರಳಿನಲ್ಲಿ ಕಾಲು ಹೂತುಹೋಗುತ್ತಿತ್ತು. ಕೆಳಗೆ, ಹಡಗಿನ ಹತ್ತಿರ, ಮರಳು ಒದ್ದೆಯಾಗಿ ಗಾರೆ ನೆಲದ ಹಾಗೆ ನುಣ್ಣಗೆ ಗಟ್ಟಿಯಾಗಿತ್ತು. "ಸ್ಟುಡಿಯೊ ನೆಲ ಇದ್ದಂಗೈತೆ ಕಣ್ರೋ" ಎಂದು ಖುಷಿಯಿಂದ ಅಲ್ಲೇ ಮೂರು ಕಾಲು ಊರಿದ. ಪಕ್ಕದಲ್ಲಿ ಪೆಟ್ಟಿಗೆ ಇಟ್ಟ. ಕೆರೆ ಕಂಡವರು ನಾವು. ಕೆರೆಯ ನೀರು ಸಂಜೆಗೆ ಎದ್ದು ಬರುವುದಿಲ್ಲ.

ನನ್ನನ್ನೂ ಕಪ್ಪು ಬಟ್ಟೆಯೊಳಗೆ ಕರೆದು ತೋರಿಸಿದ. ಆ ಹಳೇ ಕ್ಯಾಮರಾದ ಹಿಂದಿನ ಗಾಜಿನಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತಿತ್ತು. ಆಕಾಶ ಕೆಳಗಿತ್ತು, ಮರಳು ಮೇಲಿತ್ತು. ಅದರಿಂದ ಹಡಗು ಬಾವಲಿಯ ಹಾಗೆ ನೇತಾಡುತ್ತಿತ್ತು. ನಾನು ಉಸಿರು ಬಿಡಲಿಲ್ಲ, ಬಿಟ್ಟರೆ ಬಿದ್ದುಹೋದೀತು ಅಂತ.

ಅಪ್ಪ ಮುಚ್ಚಳ ಹಾಕಿ, ಪ್ಲೇಟು ಸೇರಿಸಿ, ಅದನ್ನು ಮುಚ್ಚಿದ್ದ ತಗಡನ್ನು ಎಳೆದ. ಅಭ್ಯಾಸಬಲದಿಂದ ಹಡಗಿನ ಕಡೆ ಕೈ ಎತ್ತಿ, "ಅಲ್ಲಾಡಬೇಡಿ!" ಅಂದ.

ಅಕ್ಕ ಕಿಸಕ್ಕನೆ ನಕ್ಕಳು. "ಅಷ್ಟು ದೊಡ್ಡದು ಎಲ್ಲಿ ಅಲ್ಲಾಡ್ತದಪ್ಪ?"

ಅಷ್ಟರಲ್ಲಿ ದಿಬ್ಬದ ಮೇಲಿಂದ ಮೀನಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ಕೂಗಿದಳು. "ಹೋಯ್ ಮಾರಾಯ್ರೆ! ಅಲ್ಲಿ ನಿಲ್ಬೇಡಿ, ನೀರು ಏರ್ತಾ ಉಂಟು!"

ನಾವು ತಿರುಗುವ ಹೊತ್ತಿಗೆ ಅಲೆ ಬಂದೇಬಿಟ್ಟಿತು. ನನ್ನ ಚಡ್ಡಿಯವರೆಗೂ ನೀರು. ಪೆಟ್ಟಿಗೆ ಎದ್ದು ತೇಲಿ, ಅಲೆ ಹಿಂದೆ ಸರಿದಾಗ ಅದರ ಜತೆಯಲ್ಲೇ ಹಡಗಿನ ಕಡೆ ಹೊರಟಿತು. ಮಿಕ್ಕ ಪ್ಲೇಟುಗಳೆಲ್ಲ ಅದರೊಳಗೆ! ಅಪ್ಪ ಪಂಚೆ ಎತ್ತಿ ಕಟ್ಟಿ ಅದರ ಹಿಂದೆ ಓಡಿದ. ಇತ್ತ ಕ್ಯಾಮರಾದ ಕಾಲಡಿಯ ಮರಳು ಜಾರುತ್ತಿತ್ತು. "ಹಿಡ್ಕೊಳೋ!" ಅಂದಳು ಅಕ್ಕ. ನಾನು ಒಂದು ಕಾಲನ್ನು ತಬ್ಬಿಕೊಂಡೆ, ಅವಳು ಮತ್ತೊಂದನ್ನು.

ಆಗ ಇನ್ನೊಂದು ಅಲೆ ಹಡಗಿನ ಬುಡಕ್ಕೆ ನುಗ್ಗಿತು. ಹಡಗು ನರಳಿತು.

ಆ ಸದ್ದನ್ನು ಹೇಗೆ ಹೇಳಲಿ? ಈಯುವ ಹಸುವಿನ ಸದ್ದು ಊರಗಲ ಆದರೆ ಹಾಗಿದ್ದೀತು. ನನ್ನ ಪಾದದಿಂದ ಹತ್ತಿ ಹಲ್ಲಿಲ್ಲದ ಒಸಡಿನವರೆಗೂ ನಡುಗಿತು. ಆ ಕಬ್ಬಿಣದ ಬೆಟ್ಟ ಒಂದಿಷ್ಟು ಮೇಲೆದ್ದು ಮತ್ತೆ ಕೂತಿತು. ಅಪ್ಪ ಪೆಟ್ಟಿಗೆಯನ್ನು ಮರೆತ. ಮೊಣಕಾಲುದ್ದ ನೀರಲ್ಲಿ, ಕೈ ಇಳಿಬಿಟ್ಟು, ಕತ್ತು ಮೇಲೆತ್ತಿ, ಕಲ್ಲಿನ ಹಾಗೆ ನಿಂತ. ಊರಿಗೆಲ್ಲ ಅಲ್ಲಾಡಬೇಡಿ ಎನ್ನುತ್ತಿದ್ದವನು ಒಂದು ಚೂರೂ ಅಲ್ಲಾಡಲಿಲ್ಲ.

ಅಕ್ಕ ನನ್ನನ್ನು ಒಮ್ಮೆ ನೋಡಿದಳು. ಕೈ ಚಾಚಿ ಮುಚ್ಚಳ ತೆಗೆದಳು. ಮತ್ತೆ ಮುಚ್ಚಿದಳು.

ಮೂರನೇ ಅಲೆ ತಾನೇ ಪೆಟ್ಟಿಗೆಯನ್ನು ದಡಕ್ಕೆ ತಂದು ಎಸೆಯಿತು. ಒಳಗೆಲ್ಲ ಉಪ್ಪುನೀರು, ಒಂದು ಪ್ಲೇಟೂ ಕೆಲಸಕ್ಕೆ ಬರುವಂತಿರಲಿಲ್ಲ. ಅಪ್ಪ ತೊಯ್ದು ತೊಪ್ಪೆಯಾಗಿ ಬಂದಾಗ ಅಕ್ಕನ ಕೈ ಇನ್ನೂ ಮುಚ್ಚಳದ ಮೇಲೇ ಇತ್ತು. ಈಗ ಬೈಗುಳ ಬೀಳುತ್ತದೆ ಅಂತ ನಾನು ಕಣ್ಣು ಮುಚ್ಚಿಕೊಂಡೆ.

"ತೆಗ್ದ್ಯಾ?" ಎಂದು ಕೇಳಿದ.

"ತೆಗ್ದೆ."

"ಎಷ್ಟು ಎಣಿಸ್ದೆ?"

"ಒಂದು."

ಅಪ್ಪ ಆ ಪ್ಲೇಟಿಗೆ ಮತ್ತೆ ತಗಡು ಮುಚ್ಚಿ, ಕಪ್ಪು ಬಟ್ಟೆಯಲ್ಲಿ ಸುತ್ತಿ ಅಕ್ಕನ ಕೈಗೇ ಕೊಟ್ಟ. ಅದರಲ್ಲಿ ಏನಾದರೂ ಇದೆಯೋ, ಬರೀ ಗಾಜೋ, ಊರು ಮುಟ್ಟುವವರೆಗೂ ಯಾರಿಗೂ ಗೊತ್ತಾಗುವಂತಿರಲಿಲ್ಲ.

ಸ್ಟುಡಿಯೊದ ಕತ್ತಲೆ ಕೋಣೆಯಲ್ಲಿ, ಕೆಂಪು ದೀಪದ ಕೆಳಗೆ, ಆ ಪ್ಲೇಟಿನಿಂದ ಅಚ್ಚು ಹಾಕಿದ ಕಾಗದ ತಟ್ಟೆಯ ಔಷಧಿ ನೀರಿನೊಳಗೆ ಮೆಲ್ಲಗೆ ಬಣ್ಣ ತಿರುಗಿತು. ಮೊದಲು ಹಡಗಿನ ಮೂತಿ, ಆಮೇಲೆ ವಾಲಿದ ಹೊಟ್ಟೆ, ಬಿಳಿ ನೊರೆ. ಎಲ್ಲಕ್ಕಿಂತ ಕೆಳಗೆ, ಎಳ್ಳಿನ ಕಾಳಷ್ಟು, ಏನೋ ಕಪ್ಪಗೆ ಬಂತು.

"ಇದೇನು, ಕಲೆಯಾ?" ಎಂದು ಅಪ್ಪ ಬಗ್ಗಿದ.

"ನೀನೇ ಕಣಪ್ಪ" ಅಂದಳು ಅಕ್ಕ.

ಅಪ್ಪ ಬಹಳ ಹೊತ್ತು ಬಗ್ಗಿಯೇ ಇದ್ದ. ಮಾರನೇ ದಿನ ಆ ಫೋಟೊಗೆ ಕಟ್ಟು ಹಾಕಿಸಿ ಸ್ಟುಡಿಯೊ ಬಾಗಿಲಲ್ಲೇ ತೂಗುಹಾಕಿದ. ಬಂದವರೆಲ್ಲ, "ನಿಜವಾಗ್ಲೂ ಹಡಗು ಇಷ್ಟು ದೊಡ್ಡದಿರ್ತದಾ?" ಎಂದು ಬಾಯಿ ಬಿಡುತ್ತಿದ್ದರು. "ಅಗೋ, ಆ ಕಾಳು ಐತಲ್ಲ, ಅದು ನಾನು. ತೆಗ್ದಿದ್ದು ನನ್ನ ಮಗಳು" ಎಂದು ಅಪ್ಪ ಎದೆಯುಬ್ಬಿಸಿ ಹೇಳುತ್ತಿದ್ದ. ಅವತ್ತಿನಿಂದ ಮುಚ್ಚಳ ತೆಗೆಯುವ ಕೆಲಸ ಅಕ್ಕನದಾಯಿತು.

ಈಗ ಆ ಫೋಟೊ ಬಸವೇಶ್ವರನಗರದ ನಮ್ಮ ಮನೆಯ ಹಾಲಿನಲ್ಲಿದೆ. ನನ್ನ ಮೊಮ್ಮಕ್ಕಳು ಭಾನುವಾರ ಮಲ್ಲತ್ತಹಳ್ಳಿ ಕೆರೆಗೆ ಹೋಗಿ ಬಂದರೆ ಫೋನಿನ ತುಂಬ ಫೋಟೊಗಳು. ಎಲ್ಲದರಲ್ಲೂ ಅವರ ಮುದ್ದು ಮುಖ ಮುಂದೆ, ಕೆರೆ ಹಿಂದೆ ಎಲ್ಲೋ ಒಂದು ಚೂರು. ಚೆನ್ನಾಗಿ ಬರದಿದ್ದರೆ ಆ ಗಳಿಗೆಯಲ್ಲೇ ಅಳಿಸಿ ಇನ್ನೊಂದು ತೆಗೆಯುತ್ತಾರೆ. ಬರುತ್ತದೋ ಇಲ್ಲವೋ ಎಂದು ಕಾಯುವ ಕಷ್ಟ ಅವರಿಗಿಲ್ಲ.

ಮೊನ್ನೆ ಮೊಮ್ಮಗ ಕೇಳಿದ. "ತಾತ, ಆಮೇಲೆ ಆ ಶಿಪ್ ಏನಾಯ್ತು?"

"ಗೊತ್ತಿಲ್ಲ ಪುಟ್ಟ. ಎಳ್ಕೊಂಡ್ ಹೋದ್ರು ಅಂದ್ರು ಕೆಲವರು, ಒಡೆದುಹಾಕಿದ್ರು ಅಂದ್ರು ಕೆಲವರು."

"ಇರಿ, ಸರ್ಚ್ ಮಾಡ್ತೀನಿ. ಅದರ ಹೆಸರೇನು?"

"ಅದನ್ನ ಯಾರೂ ಓದ್ಲೇ ಇಲ್ವಲ್ಲೋ. ನೋಡೋದ್ರಲ್ಲೇ ಎಲ್ಲ ಮರೆತುಹೋಗಿತ್ತು."

ಅವನು ಫೋನನ್ನು ಸೋಫಾದ ಮೇಲೆ ಇಟ್ಟ. ಸ್ಟೂಲ್ ಎಳೆದುಕೊಂಡು ಹತ್ತಿ, ಫೋಟೊದ ಹತ್ತಿರ, ತೀರಾ ಹತ್ತಿರ ಮುಖ ತಂದ. ಅವನ ಉಸಿರಿಗೆ ಕಟ್ಟಿನ ಗಾಜು ಮಸುಕಾಯಿತು. ತೋಳಿನಿಂದ ಒರೆಸಿ ಮತ್ತೆ ನೋಡಿದ. ಅಡುಗೆಮನೆಯಿಂದ ಅವನ ಅಮ್ಮ ಊಟಕ್ಕೆ ಕರೆಯುತ್ತಲೇ ಇದ್ದಳು. ಅವನು ಅಲ್ಲಾಡಲಿಲ್ಲ.