ಹಿಂದಿನ ಚಕ್ರಗಳಿಗೆ ನಾನು ಬರೆದ ಡ್ರಾಯಿಂಗ್

ಹೊಳನಗದ್ದೆಯ ನಮ್ಮ ಅಂಗಳಕ್ಕೆ ಆ ಕಾರನ್ನು ತಂದಾಗ ಅದಕ್ಕೆ ಬಾಗಿಲು ಸಹ ಇರಲಿಲ್ಲ, ಒಳಗೆ ಒಂದೇ ಸೀಟು. ತಂದವಳು ನನ್ನ ತಂಗಿಯ ಮಗಳು. ಹೊನ್ನಾವರದಲ್ಲಿ ಅವಳದ್ದೇ ಗ್ಯಾರೇಜು. ಮಣ್ಣಿನ ಟ್ರ್ಯಾಕಿನ ರೇಸಿಗೆ ಹೋಗುವ ಹುಚ್ಚು ಬೇರೆ. ಹಿಂದಿನ ಎರಡೂ ಚಕ್ರಗಳನ್ನು ಒಂದೇ ಗಟ್ಟಿ ಆಕ್ಸಲ್ ಹಿಡಿದುಕೊಂಡಿರುವ ಹಳೇ ಮಾಡೆಲ್ ಅದು. ಅದರ ಪಟ್ಟಿ ಪಟ್ಟಿ ಲೀಫ್ ಸ್ಪ್ರಿಂಗ್ ಕಿತ್ತುಹಾಕಿ, ಆಕ್ಸಲನ್ನು ಲಿಂಕು ಎಂಬ ನಾಲ್ಕು ಕಬ್ಬಿಣದ ಸರಳುಗಳಿಂದ ಕಾರಿನ ಅಡಿಚೌಕಟ್ಟಿಗೆ ಜೋಡಿಸಬೇಕು, ಅವು ಎಲ್ಲಿಂದ ಎಲ್ಲಿಗೆ ಬರಬೇಕೆಂದು ನೀನೇ ಬರೆದುಕೊಡು ಎಂದಳು.

ನಾನು ಬಾಂಬೆಯ ಡ್ರಾಯಿಂಗ್ ಆಫೀಸೊಂದರಲ್ಲಿ ಟ್ರೇಸರ್ ಆಗಿದ್ದವಳು. ಕಾನ್ವೆಂಟಿನ ಸಿಸ್ಟರುಗಳು ತಿದ್ದಿಸಿದ ಹ್ಯಾಂಡ್‌ರೈಟಿಂಗ್ ನೋಡಿಯೇ ಕೆಲಸ ಕೊಟ್ಟಿದ್ದರು. ಇಡೀ ಸರ್ವಿಸು ಇನ್ನೊಬ್ಬರು ಯೋಚಿಸಿದ್ದರ ಮೇಲೆ ಪೇಪರ್ ಹಾಸಿ ಗೆರೆ ಎಳೆದೆ. ನನ್ನ ಯೋಚನೆ ಏನೆಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನಮ್ಮ ಕಾಲದ ಹುಡುಗಿಯರಿಗೆ ಪೊಲೈಟ್ ಆಗಿರುವುದೇ ದೊಡ್ಡ ಕ್ವಾಲಿಫಿಕೇಶನ್. ಈ ವಯಸ್ಸಿನಲ್ಲಿ ಒಬ್ಬಳು ಬಂದು ಕೇಳಿದರೆ ಇಲ್ಲ ಎನ್ನಲು ಬಾಯಿ ಬರಲಿಲ್ಲ.

ಎರಡು ದಿನ ಅಳತೆ ತೆಗೆದೆವು. ಗೋಡೆ ಕಟ್ಟುವ ಗೌಂಡಿಗಳ ಹಾಗೆ ಪ್ಲಾಸ್ಟಿಕ್ ಪೈಪಿನಲ್ಲಿ ನೀರು ತುಂಬಿ, ಲೆವೆಲ್ ಹಿಡಿದು, ಕಾರಿನ ಪಕ್ಕದಲ್ಲಿ ಒಂದು ದಾರ ಕಟ್ಟಿದೆ. ಎಲ್ಲ ಎತ್ತರವನ್ನೂ ಆ ದಾರದಿಂದಲೇ ಅಳೆದದ್ದು. ಪಕ್ಕದಿಂದ ನೋಡಿ ಮೇಲಿನ ಲಿಂಕು, ಕೆಳಗಿನ ಲಿಂಕುಗಳ ಗೆರೆಯನ್ನು ಮುಂದಕ್ಕೆ ಎಳೆಯುತ್ತ ಹೋದರೆ ಎಲ್ಲೋ ಒಂದು ಕಡೆ ಕೂಡುತ್ತವೆ. ಗಾಳಿಯಲ್ಲಿರುವ ಆ ಪಾಯಿಂಟೇ ಯಜಮಾನ. ಅದು ತೀರಾ ಕೆಳಗಿದ್ದರೆ ಎಕ್ಸಲರೇಟರ್ ಒತ್ತಿದಾಗ ಕಾರಿನ ಹಿಂಭಾಗ ಕುಕ್ಕರಿಸುತ್ತದೆ; ತೀರಾ ಮೇಲಿದ್ದರೆ ಬ್ರೇಕ್ ಹಾಕಿದಾಗ ಹಿಂದಿನ ಚಕ್ರಗಳು ಕುಪ್ಪಳಿಸುತ್ತವೆ. ನಾನು ಆ ಪಾಯಿಂಟನ್ನು ಅಳಿಸಿ ಅಳಿಸಿ ಕೂರಿಸಿದೆ. ಅವಳು ಪೇಪರು ಸುತ್ತಿ, ಕಾರನ್ನೂ ತೆಗೆದುಕೊಂಡು ಹೋದಳು.

ಶುಕ್ರವಾರ ಬೆಳಿಗ್ಗೆ ಅವಳ ಫೋನು. ಲಿಂಕು ಕೂರಿಸಿ ಆಯಿತು, ಮಧ್ಯಾಹ್ನ ಟ್ರಯಲ್, ಭಾನುವಾರ ರೇಸು. ನಾನು ಖುಷಿಯಲ್ಲಿ ಅಳತೆಗೆಂದು ಅಂಗಳದಲ್ಲಿ ಹಾಕಿದ್ದ ಚಾಕ್ ಗುರುತುಗಳನ್ನು ತೊಳೆಯಲು ಹೊರಟೆ. ಹಿಂದಿನ ಚಕ್ರ ನಿಂತಿದ್ದಲ್ಲಿ ಒಂದು ಬಾಲ್ದಿ ನೀರು ಹೊಯ್ದೆ. ನೀರು ಅಲ್ಲಿ ನಿಲ್ಲದೆ ನೆಟ್ಟಗೆ ಮುಂದಿನ ಚಕ್ರದ ಗುರುತು ದಾಟಿ ಗಟಾರಕ್ಕೆ ಹೋಯಿತು.

ಮಳೆನೀರು ನಿಲ್ಲಬಾರದೆಂದು ನಮ್ಮ ಕಡೆ ಯಾವ ಅಂಗಳಕ್ಕಾದರೂ ವಾಟ, ಸಣ್ಣ ಇಳಿಜಾರು, ಕೊಟ್ಟೇ ಕೊಡುತ್ತಾರೆ. ನನ್ನ ದಾರ ಲೆವೆಲ್ ಇತ್ತು, ಕಾರು ಇರಲಿಲ್ಲ. ಮುಂದಿನ ಚಕ್ರ ಮೂರು ಇಂಚು ತಗ್ಗಿನಲ್ಲಿ ನಿಂತಿತ್ತು. ಅಂದರೆ ಸಮ ನೆಲಕ್ಕೆ ಹೋದ ಕೂಡಲೇ ಕಾರಿನ ಮೂತಿಯ ಜೊತೆ ಲಿಂಕುಗಳೂ ಮುಂದಕ್ಕೆ ತಲೆ ಎತ್ತುತ್ತವೆ, ನನ್ನ ಪಾಯಿಂಟೂ ಮೇಲೇರುತ್ತದೆ. ಜೋರಾಗಿ ಹೋಗುತ್ತ ಅವಳು ಬ್ರೇಕ್ ಒತ್ತಿದರೆ?

ಐದು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಉಟ್ಟ ಸೀರೆಯಲ್ಲೇ ರಿಕ್ಷಾ ಹಿಡಿದು ಕುಮಟೆಗೆ ಬಂದು ಹೊನ್ನಾವರದ ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತವಳು ಭಟ್ಕಳಕ್ಕೆ ಮದುವೆಗೆ ಹೊರಟಿದ್ದಳು, ಎಂತ ಹುಷಾರಿಲ್ವಾ ಎಂದು ಎರಡು ಸಲ ಕೇಳಿದಳು. ಬಸ್ಸು ಬ್ರೇಕ್ ಹಾಕಿದಾಗಲೆಲ್ಲ ನನ್ನ ಕಾಲೂ ನೆಲ ಒತ್ತುತ್ತಿತ್ತು.

ಗ್ಯಾರೇಜಿನ ಹಿಂದೆ ಮುಚ್ಚಿಹೋದ ಹಂಚಿನ ಕಾರ್ಖಾನೆಯ ಕಾಂಕ್ರೀಟ್ ಅಂಗಳ. ಕಾರು ಅಡ್ಡಡ್ಡ ನಿಂತಿತ್ತು. ಅದರ ಹಿಂದೆ ಟಯರಿನ ಕಪ್ಪು ಗುರುತು, ತುಂಡು ತುಂಡಾಗಿ; ಚಕ್ರ ಕುಪ್ಪಳಿಸಿತ್ತು. ಅವಳು ಇಳಿದು ನಿಂತಿದ್ದಳು. ಮೈ ಕೈ ಸರಿ ಇತ್ತು. ವಯಸ್ಸಾದ ವೆಲ್ಡರ್‌ಗೆ ಬಯ್ಯುತ್ತಿದ್ದಳು, ಲಿಂಕು ಹಿಡಿಯುವ ಬ್ರಾಕೆಟ್ಟನ್ನು ಕಣ್ಣಂದಾಜಿನಲ್ಲಿ ಹಚ್ಚಿದ್ದಾರೆಂದು. ಅವರು ನನ್ನನ್ನು ನೋಡಿ, ಪೇಪರಿನಲ್ಲಿ ಇದ್ದ ಹಾಗೇ ಹಚ್ಚಿದ್ದು ಅಮ್ಮಾ ಎಂದರು. ದನಿ ಸಣ್ಣದಾಗಿತ್ತು.

ಸುಮ್ಮನಿದ್ದರೆ ನಡೆದುಹೋಗುತ್ತಿತ್ತೇನೋ. ಒಂದು ಕ್ಷಣ ಸುಮ್ಮನಿದ್ದೆ ಕೂಡ, ಅದನ್ನೂ ಬರೆಯಬೇಕು.

“ಅವರದ್ದಲ್ಲ, ನನ್ನ ತಪ್ಪು,” ಎಂದೆ. ಅಂಗಳದ ಕಥೆ ಹೇಳಿದೆ.

ಅವಳು ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿ ಮುಖ ಒರೆಸಿಕೊಂಡಳು. “ಹಾಗಾರೆ ಇಷ್ಟೊತ್ತು ಇವ್ರಿಗೆ ಬಯ್ದದ್ದೆಲ್ಲ ನಿಂಗೆ ಸೇರ್ತು, ದೊಡ್ಡಮ್ಮ.” ವೆಲ್ಡರ್ ನಗಲಿಲ್ಲ. ಅವರ ಹತ್ತಿರ ಸಾರಿ ಕೇಳಿದೆ. ಅವರು ಗ್ರೈಂಡರ್ ಕೈಗೆತ್ತಿಕೊಂಡರು.

ಈ ಸಲ ಮೊದಲು ನೆಲಕ್ಕೇ ಪೈಪು ಹಿಡಿದು ನೋಡಿದೆ. ಲಿಂಕುಗಳ ಮುಂದಿನ ತುದಿಯ ನಾಲ್ಕೂ ಬ್ರಾಕೆಟ್ಟುಗಳನ್ನು ಕೊಯ್ದು ಕೆಳಗಿಳಿಸುವಷ್ಟರಲ್ಲಿ ಶನಿವಾರ ಸಂಜೆಯಾಯಿತು. ಅವಳು ಒಂದು ಸುತ್ತು ಹೋಗಿ, ಜೋರಾಗಿ ಬಂದು ಬ್ರೇಕ್ ಒತ್ತಿದಳು. ಕಾರು ನೆಟ್ಟಗೆ ನಿಂತಿತು.

“ಆತು. ನಾಳೆ ಹೋಗ್ಲಾ?” ಎಂದಳು, ಎಂಜಿನ್ ಆರಿಸದೆ.

ಬಾಂಬೆಯಲ್ಲಿ ನನ್ನ ಮೇಲಿನವರು ಇಂಥ ಪ್ರಶ್ನೆಗೆ ತಲೆ ಎತ್ತದೆ ಯೆಸ್ ಅನ್ನುತ್ತಿದ್ದರು. ಎಷ್ಟು ಸುಲಭವೆಂದುಕೊಂಡಿದ್ದೆ. ಮಂಡಿ ಹಿಡಿದುಕೊಂಡು ಬಗ್ಗಿ ಟಯರಿನ ಗುರುತು ನೋಡಿದೆ. ಬಲಗಡೆಯದು ಒಂದೇ ಗೆರೆ. ಎಡಗಡೆಯದು ಕೊನೆಯಲ್ಲಿ ಒಂದು ಗೇಣಿನಷ್ಟು ಮಾಸಲಾಗಿತ್ತು. ಅಲ್ಲಿ ಜಲ್ಲಿ ಪುಡಿ ಬಿದ್ದದ್ದಕ್ಕೆ ಎಂದಳು. ಇರಬಹುದು.

ಕಸಬರಿಗೆ ತಂದು ಆ ಜಾಗ ಗುಡಿಸಿದೆ.

“ಇನ್ನೊಂದು ಸಲ ಬ್ರೇಕ್ ಹಾಕು,” ಎಂದೆ. “ಆಮೇಲೆ ಹೇಳ್ತೆ.”