ಕೆರೆ ಪಾಲಾದ ಮೂಲೆ

ಮಣ್ಣು ಮತ್ತು ನೀರು ಉಳಿಸುವ ಯೋಜನೆಗಳನ್ನು ನೋಡಿಕೊಳ್ಳುವುದು ನನ್ನ ನೌಕರಿ. ಕಚೇರಿ ಕೊಲ್ಲಾಪುರದಲ್ಲಿ, ಮನೆ ಇಚಲಕರಂಜಿಯ ಶಹಾಪುರದಲ್ಲಿ, ಕೆಲಸ ಹೆಚ್ಚಾಗಿ ಗಡಹಿಂಗ್ಲಜದ ಕಡೆಯ ಗುಡ್ಡಗಳಲ್ಲಿ. ನಮ್ಮ ಓಣಿಯಲ್ಲಿ ಮಗ್ಗದ ಸದ್ದು ನಿಲ್ಲುವುದೇ ಇಲ್ಲ. ಗುಡ್ಡಕ್ಕೆ ಹೋದ ದಿನ ಜೀಪಿನಿಂದ ಇಳಿದೊಡನೆ ಆ ಸದ್ದಿಲ್ಲದೆ ಏನನ್ನೋ ಮರೆತು ಬಂದ ಹಾಗೆ ಅನಿಸುತ್ತಿತ್ತು.

ಆ ಊರು ಗುಡ್ಡದ ಹೊಟ್ಟೆಯಲ್ಲಿದೆ. ಮಳೆಗೇನೂ ಬರವಿಲ್ಲ. ಆದರೆ ಬಿದ್ದ ನೀರೆಲ್ಲ ಹಳ್ಳ ಹಿಡಿದು ಕೆಳಗೆ ಓಡಿಬಿಡುತ್ತದೆ, ಹೋಳಿ ಹುಣ್ಣಿಮೆ ಕಳೆಯುವಷ್ಟರಲ್ಲಿ ಬಾವಿಗಳು ಬರಿದು. ಹೆಂಗಸರು ಹಳ್ಳದ ಉಸುಕು ತೋಡಿ, ಒಸರುವ ನೀರನ್ನು ಬಟ್ಟಲಿನಿಂದ ಕೊಡಕ್ಕೆ ತುಂಬಿಕೊಂಡು ದಿನ್ನೆ ಹತ್ತಬೇಕು. ಅಲ್ಲಿ ಒಂದು ಪಾಝರ ತಲಾವ ಕಟ್ಟಬೇಕೆಂದು ಊರವರು ಬಹಳ ಕಾಲದಿಂದ ಕೇಳುತ್ತಿದ್ದರು. ಹಳ್ಳಕ್ಕೆ ಅಡ್ಡ ಮಣ್ಣಿನ ಒಡ್ಡು ಹಾಕಿ, ಮಳೆನೀರು ನಿಲ್ಲಿಸಿ, ಅದನ್ನು ನೆಲಕ್ಕೆ ಇಂಗಿಸುವ ಕೆರೆ. ಅದು ತುಂಬಿದರೆ ಕೆಳಗಿನ ಬಾವಿಗಳಿಗೆ ತಾನಾಗಿ ನೀರು ಬರುತ್ತದೆ.

ನಮ್ಮ ಇಂಜಿನಿಯರರು ಹಳ್ಳದುದ್ದಕ್ಕೂ ಅಳೆದು ನೋಡಿದರು. ಮೇಲೆ ಬಂಡೆಯೆಲ್ಲ ಬಿರುಕು, ನೀರು ನಿಲ್ಲುವಂತಿಲ್ಲ. ಕೆಳಗೆ ಮನೆಗಳು. ನಡುವಿನ ಒಂದು ತಿರುವಿನಲ್ಲಿ ಮಾತ್ರ ಒಡ್ಡು ಹಾಕಬಹುದಿತ್ತು. ಕೆರೆಗೆ ಹೋಗುವ ಹೊಲಗಳ ಮಾಲೀಕರೆಲ್ಲ ಹೂಂ ಅಂದರು. ಒಬ್ಬಳು ಮಾತ್ರ ಒಲ್ಲೆ ಅಂದಳು.

ಸರಪಂಚರು ನನ್ನನ್ನು ಬದಿಗೆ ಕರೆದು, "ಕಾಯ್ ಕರಾಯ್ಚ ಮ್ಯಾಡಮ್," ಏನು ಮಾಡೋದು ಎಂದು ಮರಾಠಿಯಲ್ಲಿ ಶುರು ಮಾಡಿದವರು ಆಮೇಲೆ ದನಿ ತಗ್ಗಿಸಿ ಕನ್ನಡಕ್ಕೆ ಬಂದರು. "ಅಕಿ ಮಗಳನ್ನ ಆ ಹೊಲದಾಗ ಇಟ್ಟಾರ್ರಿ. ಒಬ್ಬಾಕಿನ ಮಗಳು. ಹಳ್ಳದ ನೀರು ಕುಡದು ಕಾಮಣಿ ಬ್ಯಾನಿ ಆಗಿ ಹೋತ್ರಿ ಕೂಸು. ನಾವು ಯಾರೂ ಅಕಿಗೆ ಏನೂ ಅನ್ನಾಂಗಿಲ್ರಿ."

ನಾನು ಹೊಲಕ್ಕೆ ಹೋದೆ. ಹಳ್ಳದ ದಂಡೆಯ ಮೂಲೆಯಲ್ಲಿ, ಒಂದು ಬಿಲ್ವದ ಸಸಿಯ ಪಕ್ಕದಲ್ಲಿ, ಸಣ್ಣ ದಿಬ್ಬ. ಮೇಲೊಂದು ದುಂಡು ಕಲ್ಲು, ಕಲ್ಲಿಗೆ ವಿಭೂತಿ. ತಾಯಿ ಅಲ್ಲೇ ಶೇಂಗಾದ ಕಳೆ ಕೀಳುತ್ತಿದ್ದಳು. ಮೂವತ್ತೈದರ ಹೆಂಗಸು, ನನಗಿಂತ ಬಹಳ ಚಿಕ್ಕವಳು. ಕೈ ಒರೆಸಿಕೊಂಡು ಬಂದು ನೀರಿನ ತಂಬಿಗೆ ಮುಂದಿಟ್ಟಳು.

"ಬ್ಯಾರೆ ಕಡೆ ಇಡಬಹುದಲ್ಲವಾ ತಂಗೀ," ಎಂದೆ. "ನಿಮ್ಮ ಅಯ್ಯನೋರನ್ನ ಕೇಳಿ, ಶಾಸ್ತ್ರದ ಪ್ರಕಾರ…"

"ನಮ್ಮಲ್ಲಿ ಮಣ್ಣಾಗ ಮಲಗಸೂದಿಲ್ರಿ ಅಕ್ಕಾರ, ಕುಂದರಸ್ತೀವಿ," ಎಂದಳು. "ಅಕಿ ಕುಂತಾಳ. ಕುಂತಾಕಿನ್ನ ಹೆಂಗ ಎಬ್ಬಸ್ಲಿ?"

ನಾನು ತಂಬಿಗೆ ಎತ್ತಿ ನೀರು ಕುಡಿದೆ. ಆಮೇಲೆ ಅವಳೇ, "ನೀವು ಜೈನರಂತಲ್ರಿ? ನಿಮ್ಮಲ್ಲಿ ಸುಡತಾರ. ಮತ್ತ ನೀವು ಎಲ್ಲಿ ಹೋಗಿ ಕುಂದರತೀರಿ?" ಎಂದು ಕೇಳಿದಳು. ಕುತೂಹಲದಿಂದ ಕೇಳಿದ್ದಷ್ಟೇ, ಚುಚ್ಚಲಿಕ್ಕಲ್ಲ. ನನ್ನ ಅವ್ವ ತೀರಿಕೊಂಡು ಆಗ ವರ್ಷ ತುಂಬಿರಲಿಲ್ಲ. ಎಲ್ಲಿಯೂ ಕೂರುವುದಿಲ್ಲ ಎಂದೆ. ಅವಳು ನನ್ನನ್ನೇ ನೋಡಿ, "ಹಂಗಾರ ಇಲ್ಲೇ ಕುಂದರ್ರಿ," ಎಂದು ದಿಬ್ಬದ ಪಕ್ಕದ ನೆಲ ಸವರಿ ಜಾಗ ಮಾಡಿಕೊಟ್ಟಳು.

ಕಚೇರಿಗೆ ಮರಳಿ, ಸದ್ಯಕ್ಕೆ ಆ ಊರು ಬೇಡವೆಂದೆ. ಬೇರೆ ಊರುಗಳ ಬದು, ಕಟ್ಟೆಗಳ ಕೆಲಸದಲ್ಲಿ ಆ ವರ್ಷ ಕಳೆಯಿತು.

ಮುಂದಿನ ಬೇಸಿಗೆಯಲ್ಲಿ ಅವಳೇ ಗಂಡನನ್ನು ಕರೆದುಕೊಂಡು ಕೊಲ್ಲಾಪುರಕ್ಕೆ ಬಂದಳು. ಪಕ್ಕದ ಮನೆಯ ಬಸುರಿ ಹಳ್ಳದಿಂದ ಕೊಡ ಹೊತ್ತು ದಿನ್ನೆ ಹತ್ತುವಾಗ ಜಾರಿ ಬಿದ್ದಿದ್ದಳು. ಹೊಟ್ಟೆಯಲ್ಲಿನ ಕೂಸು ಉಳಿಯಲಿಲ್ಲ. ಅದನ್ನು ಗಂಡ ಹೇಳಿದ. ಅವನು ಮಾತು ಕಡಿಮೆಯ ಮನುಷ್ಯ, ಹೇಳಿ ಮುಗಿಸಿ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ನೀರಿನ ಸಲುವಾಗಿ ಇನ್ನೊಂದು ಕೂಸು ಹೋಗಬಾರದ್ರಿ ಅಕ್ಕಾರ. ಕಟ್ಟರಿ," ಎಂದಳು ಅವಳು. "ಆದ್ರ ಅಕಿನ್ನ ಅಗೀಬ್ಯಾಡ್ರಿ. ಅಲ್ಲೇ ಇರ್ಲಿ."

ಒಡ್ಡಿಗೆ ಬೇಕಾದ ಮಣ್ಣನ್ನು ಕೆರೆಯ ಒಡಲಿನಿಂದಲೇ ತೆಗೆಯುವುದು ವಾಡಿಕೆ. ಆ ಮೂಲೆಯನ್ನು ಬಿಟ್ಟು ತೆಗೆಯಿರಿ ಎಂದು ಗುತ್ತಿಗೆದಾರನಿಗೆ ಹೇಳಿದೆ. ಆದರೂ ಕೆಲಸ ನಡೆದ ದಿನವೆಲ್ಲ ಅವಳು ಅಲ್ಲಿಯೇ ಇದ್ದಳು. ಜೆಸಿಬಿ ಸುತ್ತ ಗುಂಡಿ ತೋಡುತ್ತಿತ್ತು, ಧೂಳು ಮುಗಿಲಿಗೆ ಏರುತ್ತಿತ್ತು, ಅವಳು ಸೆರಗನ್ನು ಮೂಗಿಗೆ ಹಿಡಿದು ದಿಬ್ಬದ ಪಕ್ಕ ಕೂತಿರುತ್ತಿದ್ದಳು. ಜೆಸಿಬಿ ನಡೆಸುವವನು ಬಿಹಾರದವನು. ಅವನಿಗೆ ಇವಳ ಮಾತು ತಿಳಿಯದು, ಇವಳಿಗೆ ಅವನದು ತಿಳಿಯದು. ಮಧ್ಯಾಹ್ನ ಅವನಿಗೆ ಅವಳೇ ರೊಟ್ಟಿ ಕೊಡುತ್ತಿದ್ದಳು. ಕೆಲಸ ಮುಗಿದ ದಿನ ಅವನು ಯಂತ್ರದಿಂದ ಇಳಿದು ಬಂದು, ಚಪ್ಪಲಿ ಬಿಟ್ಟು, ಆ ಕಲ್ಲಿಗೆ ಕೈ ಮುಗಿದು ಹೋದ.

ಮೃಗಶಿರ ಮಳೆ ಹಿಡಿಯಿತು. ಹೊಸ ಒಡ್ಡಿನ ಮೊದಲ ಮಳೆಗಾಲ, ಎಲ್ಲಿ ಸೋರುತ್ತದೋ ಎಂಬ ಹೆದರಿಕೆಯಲ್ಲಿ ನಾನು ಮತ್ತೆ ಮತ್ತೆ ಹೋಗುತ್ತಿದ್ದೆ. ಹಾಗೆ ಹೋದ ಒಂದು ದಿನ ನೀರು ಆ ಮೂಲೆಯ ಹತ್ತಿರ ಬಂದಿತ್ತು. ಗಂಡ ಹೆಂಡತಿ ಇಬ್ಬರೂ ಒಡ್ಡಿನ ಮೇಲೆ ಒಂದೇ ಕೊಡೆಯಡಿ ನಿಂತಿದ್ದರು. ಊರ ಕೆಲವರು ತೆಂಗಿನಕಾಯಿ, ಕುಂಕುಮ ಹಿಡಿದು ಗಂಗೆಯ ಪೂಜೆಗೆ ಬಂದಿದ್ದವರು ಇವರನ್ನು ನೋಡಿ ದೂರದಲ್ಲೇ ನಿಂತರು. ಕೆಂಪು ನೀರು ಸದ್ದಿಲ್ಲದೆ ಏರುತ್ತಿತ್ತು. ದಿಬ್ಬದ ಬುಡಕ್ಕೆ ಮುಟ್ಟಿತು, ಸುತ್ತುವರಿಯಿತು. ಕಲ್ಲು ಸ್ವಲ್ಪ ಹೊತ್ತು ಕಂಡಿತು, ಆಮೇಲೆ ಬಿಲ್ವದ ತುದಿ ಮಾತ್ರ.

ಅವಳು ಅಳಲಿಲ್ಲ. ನನ್ನ ಕಡೆ ತಿರುಗಿ, ಯಾರೋ ಕೇಳಿದ್ದಕ್ಕೆ ಉತ್ತರ ಕೊಡುವ ಹಾಗೆ, "ಅಕಿಗೆ ಈಸಾಕ ಬರ್ತಿದ್ದಿಲ್ರಿ," ಎಂದಳು.

ಗಂಡ ಕೊಡೆಯನ್ನು ಅವಳ ಕೈಗೆ ಕೊಟ್ಟು ಮಳೆಯಲ್ಲೇ ನಡೆದು ಹೋದ.

ಕೆರೆ ತುಂಬಿತು. ಮುಂದಿನ ಬೇಸಿಗೆಗೂ ಊರ ಬಾವಿಗಳಲ್ಲಿ ನೀರು ನಿಂತಿತು. ಹೆಂಗಸರು ನನ್ನನ್ನು ಮನೆ ಮನೆಗೆ ಕರೆದು ಚಹಾ ಕೊಟ್ಟರು, ಒಬ್ಬರು ರವಿಕೆಯ ಕಣ ಇಟ್ಟು ಉಡಿ ತುಂಬಿದರು. ಆ ತಾಯಿ ಮಾತ್ರ ಆ ಬಾವಿಗಳ ನೀರು ಸೇದುತ್ತಿರಲಿಲ್ಲ. ಊರಾಚೆ ಶಾಲೆಯ ಹತ್ತಿರದ ಕೈಪಂಪಿಗೆ ಹೋಗುತ್ತಿದ್ದಳು.

ಇಂಗುವ ಕೆರೆಯಾದ್ದರಿಂದ ಬಿಸಿಲು ಬಲಿತಂತೆ ನೀರು ಇಳಿಯಿತು, ಏಪ್ರಿಲ್ ಕೊನೆಗೆ ತಳ ಕಂಡಿತು. ಅವಳಿಂದ ಫೋನು ಬಂತು: "ಬರ್ರಿ ಅಕ್ಕಾರ." ಹೋದೆ. ಒಡಲ ತುಂಬ ಹೂಳು, ಒಣಗಿ ಬಿರಿದು ಹೆಂಟೆಯಾಗಿತ್ತು. ಬಿಲ್ವ ಕೊಳೆತು ಹರಿದುಹೋಗಿತ್ತು. ಕಲ್ಲು ಎಲ್ಲಿಯೂ ಇಲ್ಲ. ನಾವು ತೆಗೆದ ಗುಂಡಿಗಳೂ ತುಂಬಿ, ಹೊಲದ ಬದು, ಹಳ್ಳದ ದಂಡೆ ಎಲ್ಲ ಒಂದೇ ಸಮನಾಗಿತ್ತು.

"ಇಲ್ಲೇ," ಎಂದಳು ಅವಳು.

"ಅಲ್ಲ, ಇಲ್ಲಿ," ಎಂದ ಗಂಡ, ಅಷ್ಟು ದೂರದಲ್ಲಿ ನಿಂತು. "ಹಳ್ಳದ ತಿರುವು ಇಲ್ಲಿತ್ತು."

"ನಾ ದಿನಾ ಬಂದಾಕಿ. ನನಗ ಗೊತ್ತಿಲ್ಲೇನು?"

ಅವನು ಮುಂದೆ ವಾದಿಸಲಿಲ್ಲ, ಜಾಗವನ್ನೂ ಬಿಡಲಿಲ್ಲ. ಅವಳು ತಾನು ತೋರಿಸಿದಲ್ಲಿ ವಿಭೂತಿ ಹಚ್ಚಿ ಊದಿನಕಡ್ಡಿ ಸಿಗಿಸಿ ಕೂತಳು. ಅವನು ತನ್ನ ಜಾಗದಲ್ಲಿ ಬರಿಗೈಯಲ್ಲಿ ಕೂತ. ನಡುವೆ ನಾನು ನಿಂತಿದ್ದೆ. ಮೊದಲು ಅವಳ ಹತ್ತಿರ ಕೂತೆ. ಆಮೇಲೆ ಎದ್ದು ಅವನ ಬಳಿ ಹೋಗಿ ಮೆಲ್ಲಗೆ ಹೇಳಿದೆ, "ಅಲ್ಲೇ ಹೋಗಿ ಕುಂದರ್ರೆಪಾ. ಆಕಿ ಜೋಡಿ."

ಅವನು ಒಂದು ಹೆಂಟೆ ಎತ್ತಿ ಬೆರಳಲ್ಲಿ ಪುಡಿ ಮಾಡುತ್ತ ಕೂತಿದ್ದ. "ಅಕಿ ಹೇಳೂದ ಖರೆ ಇರಬಹುದ್ರಿ," ಎಂದ. "ಆದ್ರ ನಾ ಹೇಳೂದು ಖರೆ ಇದ್ರ? ಇಬ್ಬರೂ ಅಲ್ಲೇ ಕುಂತ್ರ ಇಲ್ಲಿ ಕೂಸು ಒಬ್ಬಾಕಿನ ಆಕ್ಕೈತಲ್ರಿ."

ಅದಾದ ಮೇಲೆ ಪ್ರತಿ ಬೇಸಿಗೆ ಕೆರೆ ಬತ್ತಿದ ಕೆಲವು ವಾರ ಅವರು ಹಾಗೆಯೇ ಎರಡು ಕಡೆ ಕೂರುತ್ತಾರೆಂದು ಊರವರು ಹೇಳುತ್ತಿದ್ದರು. ಹೊಲಕ್ಕೆ ಹೂಳು ಒಯ್ಯುವವರು ಆ ಎರಡೂ ಕಡೆಗಳನ್ನು ಬಿಟ್ಟು ಒಯ್ಯುತ್ತಾರಂತೆ. ಸರಕಾರದ ಲೆಕ್ಕದಲ್ಲಿ ಆ ಕೆರೆ ನಮ್ಮ ಒಳ್ಳೆಯ ಕೆಲಸಗಳಲ್ಲಿ ಒಂದು. ಬೇರೆ ಜಿಲ್ಲೆಯವರು ನೋಡಲು ಬಂದಾಗ ನಾನೇ ಕರೆದುಕೊಂಡು ಹೋಗಿ ಒಡ್ಡು, ಕೋಡಿ, ಬಾವಿಗಳನ್ನು ತೋರಿಸಿದ್ದೇನೆ. ಬೇಸಿಗೆಯಲ್ಲಿ ಮಾತ್ರ ಯಾರನ್ನೂ ಕರೆದೊಯ್ದಿಲ್ಲ.

ಈ ವರ್ಷ ಮಳೆ ಮೇ ತಿಂಗಳಲ್ಲೇ ಸುರಿಯಿತು. ನಾನು ಮನೆಯಲ್ಲಿದ್ದೆ, ಮಗ್ಗಗಳ ಸದ್ದಿನಲ್ಲಿ ಫೋನು ಸರಿಯಾಗಿ ಕೇಳದೆ ಹಿತ್ತಲಿಗೆ ಹೋದೆ. ಅವಳ ಗಂಡ ಮಾತಾಡುತ್ತಿದ್ದ. ಹೋದ ವರ್ಷ ಮಳೆ ಹೆಚ್ಚಾಗಿ ಆ ನೀರೇ ಇನ್ನೂ ಪೂರ್ತಿ ಇಳಿದಿರಲಿಲ್ಲ, ಅದರ ಮೇಲೆ ಹೊಸ ನೀರು ಬಂದು ಕೂಡಿತು ಎಂದ. ಊರವರೆಲ್ಲ ಖುಷಿಯಾಗಿದ್ದಾರೆ, ಇಂಥ ವರ್ಷ ಬಂದೇ ಇರಲಿಲ್ಲ ಅನ್ನುತ್ತಿದ್ದಾರೆ ಎಂದ.

"ಮತ್ತ ಅಕಿ?" ಎಂದು ಕೇಳಿದೆ.

"ಒಡ್ಡಿನ ಮ್ಯಾಲೆ ಕುಂತಾಳ್ರಿ," ಎಂದ. "ತಳಾ ಕಾಣಲಿಲ್ರಿ ಅಕ್ಕಾರ ಈ ಸಲ."